ಬೇಡ ಎನ್ನುವವರು ಯಾರು?

– ಗೇಬ್ರಿಯಲ್ ಹೆಸರು ಮಾತ್ರ ಎತ್ತಬೇಡ. ಪ್ರೊಗ್ರೆಸಿವ್ ರಾಕ್, ಅದೇ ಪ್ರಾಗ್, ಬ್ಯಾಂಡುಗಳಿಂದ ಹೊರಬಂದು ಸ್ವಂತ ಹೆಸರಲ್ಲಿ ಹಾಡಿದವರಲ್ಲಿ ಯಾರು ಇಷ್ಟ ಅಂತ ಯಾರನ್ನು ಕೇಳಿದರೂ ಮೊದಲು ಬಾಯಿಗೆ ಬರುವುದು ಅದೇ ಹೆಸರು. ಕೇಳಿ ಕೇಳಿ ಸಾಕಾಗಿದೆ.

– ಪೀಟರ್ ಗೇಬ್ರಿಯಲ್.

– ಬೇಡ ಅಂದೆನಲ್ಲ ಮಾರಾಯ್ತಿ!

– ಎಲ್ಲರೂ ಹೇಳುತ್ತಾರೆ ಅನ್ನುವ ಕಾರಣಕ್ಕೆ ಕೈಬಿಡುವುದಾದರೆ ದಾಸರ ಪಟ್ಟಿಯಿಂದ ಪುರಂದರರನ್ನೂ ಕೈಬಿಡಬೇಕು.

– ಸರಿ, ಕಾರಣ ಕೊಡು. ದನಿ ಚೆನ್ನಾಗಿದೆ, ಹಾಡು ಮನಸ್ಸಿಗೆ ತಟ್ಟುತ್ತದೆ ಅಂತೆಲ್ಲ ಹೇಳಿದರೆ ನಡೆಯುವುದಿಲ್ಲ.

– 1980ರ ಮೂರನೆಯ ಆಲ್ಬಮ್. ಮೊದಲ ನಾಲ್ಕಕ್ಕೂ ಪುಣ್ಯಾತ್ಮ ತನ್ನ ಹೆಸರನ್ನೇ ಇಟ್ಟು ಕೂತ. ಗುರುತಿಗೆ ಏನಾದರೂ ಬೇಕಲ್ಲ ಅಂತ ಅಭಿಮಾನಿಗಳು ಹೊದಿಕೆಯ ಚಿತ್ರ ನೋಡಿ ಕಾರ್, ಸ್ಕ್ರ್ಯಾಚ್, ಮೆಲ್ಟ್ ಅಂತ ಕರೆದುಕೊಂಡರು. ಈ ಮೆಲ್ಟ್‌ಗೆ ಡ್ರಮ್ ಬಾರಿಸಲು ಬಂದವರಿಗೆ ಅವನು ಹಾಕಿದ ಷರತ್ತು, ಸಿಂಬಲ್ ಮುಟ್ಟಕೂಡದು ಅಂತ. ರಾಕ್ ಡ್ರಮ್ಮರ್‌ನ ಬಲಗೈ ಹಾಡಿನುದ್ದಕ್ಕೂ ಆಡುವುದೇ ಆ ಕಂಚಿನ ತಟ್ಟೆಗಳ ಮೇಲೆ. ಅದನ್ನು ಕಿತ್ತುಕೊಂಡರೆ ಕೈಗೆ ಬೇರೆ ಕೆಲಸ ಹುಡುಕಬೇಕು. ಬಂದವರಲ್ಲೊಬ್ಬ ಫಿಲ್ ಕಾಲಿನ್ಸ್. 1975ರಲ್ಲಿ ಗೇಬ್ರಿಯಲ್ ಬಿಟ್ಟುಹೋದ ಜೆನೆಸಿಸ್‌ನಲ್ಲಿ ಅವನ ಜಾಗಕ್ಕೆ ನಿಂತು ಹಾಡುತ್ತಿದ್ದವನು. ಲಂಡನ್ನಿನ ಟೌನ್‌ಹೌಸ್ ಸ್ಟುಡಿಯೊ, ಹ್ಯೂ ಪ್ಯಾಡ್ಗಮ್ ಎಂಬ ಎಂಜಿನಿಯರ್. ಒಳಗಿರುವ ವಾದಕರ ಮಾತು ಹೊರಗಿನವರಿಗೆ ಕೇಳಲಿ ಅಂತ ತೂಗುಹಾಕಿದ್ದ ಮೈಕೊಂದು ಸಣ್ಣ ಸದ್ದು ದೊಡ್ಡ ಸದ್ದು ಎಲ್ಲವನ್ನೂ ಹಿಂಡಿ ಒಂದೇ ಮಟ್ಟಕ್ಕೆ ತರುತ್ತಿತ್ತು. ಅದರೊಳಗಿಂದ ಡ್ರಮ್ ಕೇಳಿದಾಗ ಸಾಕ್ಷಾತ್ ಗುಡುಗು. ಆ ಗುಡುಗಿಗೆ, ಸದ್ದು ಇಳಿದೊಡನೆ ಮುಚ್ಚಿಕೊಳ್ಳುವ ನಾಯ್ಸ್ ಗೇಟ್ ಕಟ್ಟಿ ಅದರ ಬಾಲವನ್ನು ಕತ್ತರಿಸಿದರು. ಸಿಂಬಲ್ ಇದ್ದಿದ್ದರೆ ಅದರ ಝೇಂಕಾರ ಗೇಟನ್ನು ಮುಚ್ಚಲು ಬಿಡುತ್ತಿರಲಿಲ್ಲ. ಆಲ್ಬಮ್ಮಿನ ಮೊದಲ ಹಾಡು ‘ಇಂಟ್ರೂಡರ್’ ಹಾಕಿ ಕೇಳು. ಕದ್ದು ಮನೆ ಹೊಕ್ಕವನ ಹಾಡು ಅದು; ಸದ್ದು ಬರುತ್ತದೆ, ಥಟ್ಟನೆ ನಿಲ್ಲುತ್ತದೆ.

– ಬಿತ್ತಿದ್ದು ಗೇಬ್ರಿಯಲ್, ಕೊಯ್ದದ್ದು ಕಾಲಿನ್ಸ್. ಮರುವರ್ಷವೇ ‘ಫೇಸ್ ವ್ಯಾಲ್ಯೂ’ ಬಂತು. ‘ಇನ್ ದಿ ಏರ್ ಟುನೈಟ್’ನಲ್ಲಿ ಮೂರೂವರೆ ನಿಮಿಷ ಕಳೆದ ಮೇಲೆ ಡ್ರಮ್ ಉರುಳಿಕೊಂಡು ಬರುತ್ತದಲ್ಲ, ಅದೇ ಸದ್ದು, ಅದೇ ಎಂಜಿನಿಯರ್. ಪ್ರಾಗ್ ಅಭಿಮಾನಿಗಳು ಕಾಲಿನ್ಸ್ ಅಂದರೆ ಮೂಗು ಮುರಿಯುತ್ತಾರೆ, ಪಾಪ್ ಹಾಡಿ ಜಾತಿಗೆಟ್ಟವನು ಅಂತ. ನನಗೆ ಹಾಗೆ ಅನಿಸಿಯೇ ಇಲ್ಲ. ಆ ಆಲ್ಬಮ್‌ನಲ್ಲಿ ಎಲ್. ಶಂಕರ್ ಪಿಟೀಲು ಇದೆ, ಗೊತ್ತಾ?

– ಗೊತ್ತು. ಗೇಬ್ರಿಯಲ್‌ನ 1989ರ ‘ಪ್ಯಾಶನ್’ನಲ್ಲೂ ಇದೆ. ಇಬ್ಬರೂ ಕರೆಸಿದ್ದು ಕರ್ನಾಟಕ ಸಂಗೀತದ ಒಬ್ಬರೇ ವಿದ್ವಾಂಸರನ್ನು. ಕಾಲಿನ್ಸ್‌ಗೆ ಅದು ಒಂದು ಬಣ್ಣ, ಅಷ್ಟೆ. ಗೇಬ್ರಿಯಲ್ ಅದರ ಬೆನ್ನುಹತ್ತಿ ಹೋದ. 1982ರಲ್ಲಿ ವೋಮ್ಯಾಡ್ ಅಂತ ಲೋಕದ ಸಂಗೀತಗಳ ಉತ್ಸವ ಮಾಡಲು ಹೋಗಿ ಸಾಲಕ್ಕೆ ಸಿಕ್ಕಿಬಿದ್ದ. ಅದನ್ನು ತೀರಿಸಲು ಹಳೆಯ ಜೆನೆಸಿಸ್ ಗೆಳೆಯರೇ ಮಿಲ್ಟನ್ ಕೀನ್ಸ್‌ನಲ್ಲಿ ಒಂದು ಸಂಜೆಗೆ ಅವನ ಜೊತೆ ಬಂದು ನಿಂತರು. ಅಷ್ಟಾದರೂ ಬುದ್ಧಿ ಬರಲಿಲ್ಲ ನೋಡು, ರಿಯಲ್ ವರ್ಲ್ಡ್ ಅಂತ ಸ್ವಂತ ಕಂಪನಿ ಕಟ್ಟಿ ನುಸ್ರತ್ ಫತೇ ಅಲಿ ಖಾನರ ಧ್ವನಿಮುದ್ರಿಕೆ ಹೊರತಂದ. ಮ್ಯಾಂಡೊಲಿನ್ ಶ್ರೀನಿವಾಸ್ ಅವರ ‘ಡ್ರೀಮ್’ ಬಂದದ್ದೂ ಅಲ್ಲಿಂದಲೇ.

– ಒಳ್ಳೆಯ ಮನುಷ್ಯ ಅನ್ನುವುದು ಒಳ್ಳೆಯ ಕಲಾವಿದ ಅನ್ನುವುದಕ್ಕೆ ಪುರಾವೆಯಲ್ಲ. ನಾನೇ ನಿನ್ನ ವಕೀಲನಾಗಿದ್ದರೆ ‘ಸಾಲ್ಸ್‌ಬರಿ ಹಿಲ್’ ಮುಂದಿಡುತ್ತಿದ್ದೆ. ಜೆನೆಸಿಸ್ ಬಿಟ್ಟದ್ದರ ಬಗ್ಗೆ 1977ರಲ್ಲಿ ಬರೆದ ಹಾಡು, ಏಳೆಣಿಕೆಯಲ್ಲಿ ಓಡುತ್ತದೆ. ರೇಡಿಯೊದಲ್ಲಿ ಕೇಳಿದವರಿಗೆ ಒಂದು ಮಾತ್ರೆ ಕಮ್ಮಿ ಇದೆ ಅನ್ನುವುದೇ ಗೊತ್ತಾಗುವುದಿಲ್ಲ.

– ಮಿಶ್ರ ಚಾಪು ತಟ್ಟಿ ಬೆಳೆದವರಿಗೆ ಕೂಡಲೇ ಗೊತ್ತಾಗುತ್ತದೆ. ಆದರೆ ನನ್ನ ಕಾರಣ ಅದಲ್ಲ, ಸಿಂಬಲ್ಲು. ಬ್ಯಾಂಡ್ ಅಂದರೆ ಏನು? ನೀನು ತಂದ ರಾಗಕ್ಕೆ ‘ಇದು ಬೇಡ’ ಅನ್ನುವ ನಾಲ್ಕು ಜನ. ಅವರ ಕಾಟ ತಪ್ಪಿತು ಅಂತ ಹೊರಬಂದ ದಿನ ಎಲ್ಲರಿಗೂ ಹಬ್ಬ. ಆಮೇಲೆ ಬೇಡ ಅನ್ನುವವರು ಯಾರು? ಕಂಪನಿಯವನು ಅನ್ನಬಹುದು; ಅವನ ಚಿಂತೆ ಬೇರೆ. ಇದೇ ಮೆಲ್ಟ್ ಅನ್ನು ಅಮೆರಿಕದಲ್ಲಿ ಅಟ್ಲಾಂಟಿಕ್ ಕಂಪನಿ ಬೇಡ ಅಂತ ಹಿಂದಿರುಗಿಸಿತು. ಮರ್ಕ್ಯುರಿ ಬಿಡುಗಡೆ ಮಾಡಿತು. ಅಂಥ ‘ಬೇಡ’ದಿಂದ ಸಂಗೀತ ಹುಟ್ಟುವುದಿಲ್ಲ. ಕೆಲಸದ ಒಳಗಿನಿಂದ ಬರುವ ‘ಬೇಡ’ವನ್ನು ಒಂಟಿ ಕಲಾವಿದ ತಾನೇ ತಯಾರಿಸಿಕೊಳ್ಳಬೇಕು. ತಯಾರಿಸಿಕೊಂಡವರು ಬೆಳೆದರು. ಉಳಿದವರು ಉಬ್ಬಿದರು.

– ಓಹೋ, ಸಿದ್ಧಾಂತ! ಹಾಗಾದರೆ ಸ್ಟೀವ್ ಹ್ಯಾಕೆಟ್ ತೆಗೆದುಕೋ, ನನ್ನವನು. 1975ರಲ್ಲಿ, ಇನ್ನೂ ಜೆನೆಸಿಸ್‌ನಲ್ಲಿರುವಾಗಲೇ, ‘ವಾಯೇಜ್ ಆಫ್ ದಿ ಅಕೊಲೈಟ್’ ಮಾಡಿದ. ಬಾರಿಸಿದ್ದು ಅದೇ ಕಾಲಿನ್ಸ್, ಅದೇ ಬ್ಯಾಂಡಿನ ರದರ್‌ಫೋರ್ಡ್. ಆಮೇಲೆ ಬ್ಯಾಂಡಿಗೆ ಒಂದು ವಾದ್ಯಕೃತಿ ತಂದ, ಅವರಿಗೆ ಒಗ್ಗಲಿಲ್ಲ. 1977ರಲ್ಲಿ ಬ್ಯಾಂಡ್ ಬಿಟ್ಟ, ಮರುವರ್ಷ ಆ ಕೃತಿಯ ಹೆಸರನ್ನೇ ಆಲ್ಬಮ್‌ಗೆ ಇಟ್ಟ, ‘ಪ್ಲೀಸ್ ಡೋಂಟ್ ಟಚ್’ ಅಂತ. ನಿನ್ನ ನಾಲ್ಕು ಜನ ಬೇಡ ಅಂದದ್ದು ತಪ್ಪೇ ಆಗಿತ್ತಲ್ಲ?

– ಬೇಡ ಅಂದವರು ಯಾವಾಗಲೂ ಸರಿ ಅಂತ ನಾನೆಲ್ಲಿ ಹೇಳಿದೆ? ಆ ಆಲ್ಬಮ್ಮನ್ನೇ ನೋಡು. ಒಂದು ಹಾಡಿಗೆ ರಿಚಿ ಹೇವನ್ಸ್, ಇನ್ನೊಂದಕ್ಕೆ ರ‍್ಯಾಂಡಿ ಕ್ರಾಫರ್ಡ್, ಮತ್ತೊಂದಕ್ಕೆ ಕ್ಯಾನ್ಸಸ್‌ನ ಸ್ಟೀವ್ ವಾಲ್ಶ್. ಬಾಗಿಲು ತೆರೆದಿದೆ, ಬಂದವರೆಲ್ಲ ಒಳಗೆ.

– ಮರುವರ್ಷ ‘ಸ್ಪೆಕ್ಟ್ರಲ್ ಮಾರ್ನಿಂಗ್ಸ್’ ಮಾಡಿದ್ದೂ ಅವನೇ. ಅದರ ಕೊನೆಯ ಕೃತಿಯಲ್ಲಿ ಗಿಟಾರ್ ಒಂದು ಸ್ವರ ಹಿಡಿದು ನಿಲ್ಲುತ್ತದಲ್ಲ, ಹಾಡುಗಾರ ಉಸಿರು ಕಟ್ಟಿ ನಿಂತ ಹಾಗೆ, ಅದಕ್ಕೆ ನೀನು ಏನಂತೀ?

– ಏನೂ ಅನ್ನುವುದಿಲ್ಲ. ಅದು ಚೆನ್ನಾಗಿದೆ. ನನಗೆ ಅದಕ್ಕಿಂತ 1983ರ ‘ಬೇ ಆಫ್ ಕಿಂಗ್ಸ್’ ಹೆಚ್ಚು. ವಿದ್ಯುತ್ ಗಿಟಾರ್ ಕೆಳಗಿಟ್ಟು ನೈಲಾನ್ ತಂತಿಯೊಂದಿಗೆ ಕೂತ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಅವನ ದೊಡ್ಡ ಆಸ್ತಿ ಅಂದರೆ ನೀನು ಹೇಳಿದೆಯಲ್ಲ, ಆ ನಿಲ್ಲುವ ಸ್ವರ. ನೈಲಾನ್ ತಂತಿ ಮೀಟಿದ ಮರುಕ್ಷಣ ಸ್ವರ ಸಾಯಲು ಶುರು. ತನ್ನ ಆಸ್ತಿಯನ್ನೇ ಬಿಟ್ಟು ಕೂತ ಅಂದ ಹಾಗಾಯಿತು. ಆದರೆ ಈಗೇನು ಮಾಡುತ್ತಿದ್ದಾನೆ? ಊರೂರು ಸುತ್ತಿ ಜೆನೆಸಿಸ್ ನುಡಿಸುತ್ತಾನೆ.

– ನುಡಿಸಲಿ ಬಿಡು! 2002ರಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ರಾಜರ್ ವಾಟರ್ಸ್ ಬಂದಾಗ ಜನ ಸೇರಿದ್ದು ಯಾವ ಹಾಡುಗಳಿಗೆ? ಪಿಂಕ್ ಫ್ಲಾಯ್ಡ್‌ನವಕ್ಕೆ. ನಮ್ಮಲ್ಲಿ ಒಬ್ಬ ವಿದ್ವಾಂಸರು ಐವತ್ತು ವರ್ಷ ಅದೇ ತೋಡಿ ಹಾಡಿದರೆ ಯಾರಾದರೂ ‘ಹೊಸದೇನಿದೆ’ ಅಂತ ಕೇಳುತ್ತಾರಾ? ಹ್ಯಾಕೆಟ್ ‘ಫರ್ಥ್ ಆಫ್ ಫಿಫ್ತ್’ನ ಗಿಟಾರ್ ಭಾಗ ನುಡಿಸಿದರೆ ಮಾತ್ರ ಅವನಿಗೆ ವಯಸ್ಸಾಯಿತು ಅನ್ನುತ್ತೀರಿ.

– ಆ ವಿದ್ವಾಂಸರು ತೋಡಿಯನ್ನು ದಿನಾ ಬೇರೆ ಹಾಡುತ್ತಾರೆ. ಹ್ಯಾಕೆಟ್‌ನ ಕೇಳುಗರು ಒಂದು ಸ್ವರ ಆಚೀಚೆ ಆದರೂ ಟಿಕೆಟ್ ದುಡ್ಡು ವಾಪಸ್ ಕೇಳುವ ಜಾತಿ.

– ಅದು ಕೇಳುಗರ ಪಾಪ, ಅವನದಲ್ಲ. ಸರಿ, ಓಲ್ಡ್‌ಫೀಲ್ಡ್ ಬಗ್ಗೆ ಏನಂತೀ? ಅವನು ದೊಡ್ಡ ಬ್ಯಾಂಡ್ ಬಿಟ್ಟು ಬಂದವನಲ್ಲ. ಕೆವಿನ್ ಏಯರ್ಸ್ ಹಿಂದೆ ಬೇಸ್ ಗಿಟಾರ್ ನುಡಿಸುತ್ತಿದ್ದ ಹುಡುಗ. 1973ರ ಮೇ ತಿಂಗಳಲ್ಲಿ ‘ಟ್ಯೂಬ್ಯುಲರ್ ಬೆಲ್ಸ್’ ಬಂದಾಗ ಇಪ್ಪತ್ತು ತುಂಬಿ ಹತ್ತು ದಿನ.

– ಅವನು ನನ್ನ ಕಡೆಯವನು. ಏಯರ್ಸ್‌ನಿಂದ ಎರವಲು ತಂದ ಟೇಪ್ ರೆಕಾರ್ಡರ್‌ನಲ್ಲಿ ಹಳೆಯದನ್ನು ಅಳಿಸುವ ಹೆಡ್ ಮುಚ್ಚಿ, ಒಂದರ ಮೇಲೊಂದು ಪದರ ಕೂಡಿಸಿದ. ಆ ಬಗೆಯಲ್ಲಿ ಹೊಸ ಪದರ ತಪ್ಪಿದರೆ ಹಿಂದಿನದೂ ಹಾಳು. ಅವನಿಗೆ ‘ಬೇಡ’ ಅನ್ನಲು ಆ ಡಬ್ಬಿಯೇ ಇತ್ತು.

– ಎಲ್ಲವನ್ನೂ ನಿನ್ನ ಸಿದ್ಧಾಂತಕ್ಕೆ ಕಟ್ಟಬೇಡ. ಆ ಡಬ್ಬಿಯಲ್ಲಿ ಮಾಡಿದ್ದು ನಮೂನೆ ಮಾತ್ರ. ಆಲ್ಬಮ್ ಮಾಡಿದ್ದು ಆಕ್ಸ್‌ಫರ್ಡ್‌ಶೈರ್‌ನ ಮ್ಯಾನರ್ ಸ್ಟುಡಿಯೊದಲ್ಲಿ, ಕೇಳಿದ ವಾದ್ಯವೆಲ್ಲ ಕೈಗೆ ಸಿಗುತ್ತಿದ್ದ ಜಾಗ. ಅಲ್ಲಿ ಬೇಡ ಅನ್ನುವವರೇ ಇರಲಿಲ್ಲ. ಆದರೂ ಆ ಮೊದಲ ಪಿಯಾನೊ ಸುರುಳಿ ಹುಟ್ಟಿತು. ಏಳು, ಎಂಟು, ಮತ್ತೆ ಏಳು, ಎಂಟು. ತಟ್ಟುತ್ತ ಹೋದರೆ ಕೈ ಸೋಲುತ್ತದೆ, ಕಿವಿ ಸೋಲುವುದಿಲ್ಲ. ‘ದಿ ಎಕ್ಸಾರ್ಸಿಸ್ಟ್’ ಸಿನಿಮಾದವರು ಅದನ್ನು ದೆವ್ವಕ್ಕೆ ಕಟ್ಟಿಬಿಟ್ಟರು, ಅದು ಬೇರೆ ದುಃಖ. ಮುಂದಿನ ವರ್ಷದ ‘ಹರ್ಗೆಸ್ಟ್ ರಿಜ್’ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಏರಿತು. ಅದನ್ನು ಅಲ್ಲಿಂದ ಇಳಿಸಿದ್ದು ಯಾವುದು? ‘ಟ್ಯೂಬ್ಯುಲರ್ ಬೆಲ್ಸ್’. ತನಗೆ ತಾನೇ ಎದುರಾಳಿ.

– ಆಮೇಲೆ ಜೀವನವಿಡೀ ಅದೇ ಗಂಟೆಗೆ ಕಟ್ಟುಬಿದ್ದ. ಎರಡನೆಯದು, ಮೂರನೆಯದು, ಮರುಮುದ್ರಣ...

– ‘ಅಮರಾಕ್’ ಮರೆಯಬೇಡ! 1990. ವರ್ಜಿನ್ ಕಂಪನಿ ಚಿಕ್ಕ ಹಾಡು ಕೊಡು ಅನ್ನುತ್ತಿತ್ತು. ಇವನು ಒಂದು ಗಂಟೆಯ ಒಂದೇ ಹಾಡು ಕೊಟ್ಟ. ಎಲ್ಲೂ ಕತ್ತರಿ ಆಡಿಸಲಾಗದಂತೆ, ಕಿವಿಗೆ ಒಗ್ಗಿತು ಅನ್ನುವಷ್ಟರಲ್ಲಿ ಜಾಡು ಬದಲಿಸುತ್ತ. ನಡುವೆ ಒಂದು ಕಡೆ ಮೋರ್ಸ್ ಸಂಕೇತದಲ್ಲಿ ಕಂಪನಿಯ ಧಣಿ ರಿಚರ್ಡ್ ಬ್ರಾನ್ಸನ್‌ಗೆ ಒಂದು ಬೈಗುಳ. ಕಂಪನಿಯ ‘ಬೇಡ’ದಿಂದ ಸಂಗೀತ ಹುಟ್ಟುವುದಿಲ್ಲ ಅಂದೆಯಲ್ಲ, ಹುಟ್ಟಿದೆ ನೋಡು, ಅದೂ ಅರವತ್ತು ನಿಮಿಷ.

– ಸಿಟ್ಟಿನಿಂದ ಹುಟ್ಟಿದ್ದಕ್ಕೆ ನಗು ಬರುತ್ತದಲ್ಲ, ಅದು ನನಗೂ ಇಷ್ಟ. ಒಪ್ಪುತ್ತೇನೆ, ‘ಅಮರಾಕ್’ ಒಂದು.

– ಹಾಗಾದರೆ ಇನ್ನೊಂದು. ರಿಕ್ ವೇಕ್‌ಮನ್.

– ಅಯ್ಯೋ ದೇವರೇ.

– ಯಾಕೆ? 1974ರ ಜನವರಿಯಲ್ಲಿ ಲಂಡನ್ನಿನ ರಾಯಲ್ ಫೆಸ್ಟಿವಲ್ ಹಾಲ್‌ನಲ್ಲಿ ಜೂಲ್ಸ್ ವರ್ನ್‌ನ ಪಾತಾಳಯಾತ್ರೆಯನ್ನು ಲಂಡನ್ ಸಿಂಫನಿ ಆರ್ಕೆಸ್ಟ್ರಾ ಇಟ್ಟುಕೊಂಡು ನುಡಿಸಿದ. ಹಿಂದೆ ದೊಡ್ಡ ಗಾಯಕವೃಂದ, ಕಥೆ ಹೇಳಲು ನಟ ಡೇವಿಡ್ ಹೆಮಿಂಗ್ಸ್. ಆ ಧ್ವನಿಮುದ್ರಿಕೆ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. ಮರುವರ್ಷ ಅರ್ಥರ್ ರಾಜನ ಕಥೆ, ವೆಂಬ್ಲಿಯಲ್ಲಿ, ಮಂಜುಗಡ್ಡೆಯ ಮೇಲೆ. ವೀರರೆಲ್ಲ ಕಾಲಿಗೆ ಸ್ಕೇಟ್ ಕಟ್ಟಿಕೊಂಡು ಯುದ್ಧಕ್ಕೆ ಬಂದರು.

– ಅದನ್ನೇ ನಾನು ಹೇಳುತ್ತಿರುವುದು. ಮದುವೆ ಮನೆಯಲ್ಲಿ ಸಾಕು ಅಂತ ಎಲೆಗೆ ಕೈ ಅಡ್ಡ ಹಿಡಿದರೂ ಬೆರಳ ಸಂದಿಯಲ್ಲಿ ಪಾಯಸ ಸುರಿಯುವವರಿರುತ್ತಾರಲ್ಲ, ಅಂಥ ಸಂಗೀತ. ಹೆಚ್ಚು ಸೋಜಿಗ ಏನು ಗೊತ್ತಾ? ಯೆಸ್ ಬ್ಯಾಂಡಿನಲ್ಲಿ ‘ಬೇಡ’ ಅನ್ನುತ್ತಿದ್ದವನೇ ಇವನು. ಪರಮಹಂಸ ಯೋಗಾನಂದರ ಆತ್ಮಕಥೆಯಲ್ಲಿ ಒಂದು ಅಡಿಟಿಪ್ಪಣಿ ಓದಿ ಜಾನ್ ಆಂಡರ್ಸನ್ ‘ಟೇಲ್ಸ್ ಫ್ರಮ್ ಟೋಪೊಗ್ರಾಫಿಕ್ ಓಶನ್ಸ್’ ಮಾಡಿಸಿದ. ಎರಡು ರೆಕಾರ್ಡು, ಬದಿಗೊಂದರಂತೆ ನಾಲ್ಕೇ ಹಾಡು. ಎಳೆದದ್ದು ಹೆಚ್ಚಾಯಿತು ಅಂತ ವೇಕ್‌ಮನ್‌ಗೆ ಬೇಸರ. ಮ್ಯಾಂಚೆಸ್ಟರ್‌ನ ಕಛೇರಿಯಲ್ಲಿ ವೇದಿಕೆಯ ಮೇಲೆಯೇ, ಕೀಬೋರ್ಡುಗಳ ನಡುವೆ ಕೂತು ಕರಿ ತರಿಸಿಕೊಂಡು ತಿಂದ. ಇನ್ನೊಬ್ಬರ ಅತಿಯನ್ನು ಅಷ್ಟು ಚೆನ್ನಾಗಿ ಕಂಡ ಮನುಷ್ಯನೇ ಹೊರಗೆ ಬಂದು ಅರ್ಥರ್ ರಾಜನನ್ನು ಮಂಜಿನ ಮೇಲೆ ಜಾರಿಸಿದ.

– ಅದರಲ್ಲಿ ತಪ್ಪೇನು? ಯಕ್ಷಗಾನದ ಕಿರೀಟ ಕಂಡು ‘ಇಷ್ಟು ದೊಡ್ಡದು ಬೇಡವಾಗಿತ್ತು’ ಅನ್ನುತ್ತೀಯಾ? ಪ್ರಾಗ್ ರಾಕಿಗೆ ಅತಿಯೇ ಪ್ರಾಣ. ವೇಕ್‌ಮನ್ ಅದಕ್ಕೆ ನಾಚಲಿಲ್ಲ. ಅರ್ಧ ಸಂಕೋಚ, ಅರ್ಧ ಆಡಂಬರ ಅನ್ನುವವರಿಗಿಂತ ಅದು ಪ್ರಾಮಾಣಿಕ.

– ಆ ಕಿರೀಟ ಎಷ್ಟು ದೊಡ್ಡದಿರಬೇಕು ಅಂತ ತಲೆಮಾರುಗಳಿಂದ ಯಾರೋ ಬೇಡ, ಬೇಕು ಅನ್ನುತ್ತ ಬಂದಿದ್ದಾರೆ. ಒಬ್ಬ ವೇಷಧಾರಿ ತಾನೇ ತೀರ್ಮಾನಿಸಿದ್ದಲ್ಲ.

– ಮಾತಿನಲ್ಲಿ ನಿನ್ನನ್ನು ಗೆಲ್ಲಲಾಗುವುದಿಲ್ಲ. ಕೇಟ್ ಬುಷ್ ಸೇರುತ್ತಾಳಾ ಈ ಪಟ್ಟಿಗೆ?

– ಪ್ರಾಗ್ ಬ್ಯಾಂಡನ್ನು ಬಿಟ್ಟು ಬಂದವಳಲ್ಲ, ಹಾಗಾಗಿ ಗಡಿ ಕಾಯುವವರು ಒಳಗೆ ಬಿಡುವುದಿಲ್ಲ. ನನಗೆ ಗಡಿಯ ಗೊಡವೆ ಇಲ್ಲ. 1985ರ ‘ಹೌಂಡ್ಸ್ ಆಫ್ ಲವ್’ನ ಎರಡನೇ ಬದಿ, ನೀರಿನಲ್ಲಿ ತೇಲುತ್ತ ರಾತ್ರಿ ಕಳೆಯುವವಳ ಕಥೆ, ಆ ದಶಕದ ಎಷ್ಟೋ ಪ್ರಾಗ್ ಗಂಡಸರ ಆಲ್ಬಮ್‌ಗಳಿಗಿಂತ ಮೇಲು. ಆದರೆ ನನ್ನ ಮನಸ್ಸಿನಲ್ಲಿ ಇರುವವನು ಬೇರೆ. ರಾಬರ್ಟ್ ವಯಟ್.

– ‘ರಾಕ್ ಬಾಟಮ್’. ನೀನು ಇಲ್ಲಿಗೇ ಬರುತ್ತೀ ಅಂತ ಗೊತ್ತಿತ್ತು. ಕಿಟಕಿಯಿಂದ ಬಿದ್ದ, ಸೊಂಟದ ಕೆಳಗೆ ಸ್ವಾಧೀನ ಹೋಯಿತು, ಆ ನೋವಿನಿಂದ ಮಹಾಕೃತಿ ಹುಟ್ಟಿತು. ಎಲ್ಲರೂ ಹೇಳುವ ಕಥೆ.

– ಎಲ್ಲರೂ ಹೇಳುವುದು ಪೂರ್ತಿ ನಿಜವಲ್ಲ. ಸಾಫ್ಟ್ ಮಶೀನ್‌ನಲ್ಲಿ ಡ್ರಮ್ ಬಾರಿಸುತ್ತ ಹಾಡುತ್ತಿದ್ದವನು ವಯಟ್. ಅಲ್ಲಿಂದ ಹೊರಬಿದ್ದು ಮ್ಯಾಚಿಂಗ್ ಮೋಲ್ ಕಟ್ಟಿದ, ಅದೂ ಚದುರಿತು. 1973ರ ಆರಂಭದಲ್ಲಿ ಅವನು ವೆನಿಸ್‌ನಲ್ಲಿದ್ದ. ಸಂಗಾತಿ ಆಲ್ಫ್ರೆಡಾ ಬೆಂಜ್ ಅಲ್ಲಿ ನಿಕೊಲಸ್ ರೋಗ್‌ನ ಸಿನಿಮಾ ಕೆಲಸದಲ್ಲಿದ್ದಳು. ಇವನು ಸಣ್ಣ ಕೀಬೋರ್ಡಿನ ಮುಂದೆ ಕೂತು ಈ ಹಾಡುಗಳನ್ನು ಶುರುಮಾಡಿದ್ದ. ಬಿದ್ದದ್ದು ಜೂನ್ 1ರಂದು. ಅಂದರೆ ಹಾಡು ಮೊದಲು, ಪೆಟ್ಟು ಆಮೇಲೆ. ಪೆಟ್ಟು ಬದಲಿಸಿದ್ದು ಅದನ್ನು ನುಡಿಸುವ ಬಗೆಯನ್ನು. ಕಾಲಿಲ್ಲದೆ ಬೇಸ್ ಡ್ರಮ್ ಇಲ್ಲ, ಹೈ-ಹ್ಯಾಟ್ ಇಲ್ಲ. ಇಪ್ಪತ್ತೆಂಟು ವರ್ಷದ ಡ್ರಮ್ಮರ್‌ಗೆ ಉಳಿದದ್ದು ಎರಡು ಕೈ, ಒಂದು ಕೀಬೋರ್ಡ್, ಆ ಸಣ್ಣ ದನಿ. ಗೇಬ್ರಿಯಲ್ ಸಿಂಬಲ್ ಬೇಡ ಅಂದದ್ದು ಬುದ್ಧಿವಂತಿಕೆ. ಇಲ್ಲಿ ದೇಹವೇ ಬೇಡ ಅಂದಿತು.

– ಇದು ನನಗೆ ಹಿಡಿಸುವುದಿಲ್ಲ ನೋಡು. ಮನುಷ್ಯನ ಬೆನ್ನುಮೂಳೆ ಮುರಿದದ್ದನ್ನು ಕಲೆಯ ಷರತ್ತು ಅಂತ ಲೆಕ್ಕಕ್ಕೆ ಹಿಡಿಯುವುದು.

– ಹಿಡಿಸಬಾರದು. ಅವನಿಗೂ ಅದನ್ನು ವರ ಅಂತ ಯಾರಾದರೂ ಹೇಳಿದ್ದರೆ ಹಿಡಿಸುತ್ತಿರಲಿಲ್ಲ. ನಾನು ಹೇಳುವುದು ಅವನು ಅದರ ಜೊತೆ ಏನು ಮಾಡಿದ ಅಂತ. ರಾಕ್ ಆಲ್ಬಮ್‌ನಲ್ಲಿ ತಾಳ ಕಾಯುವವನು ಇಲ್ಲದಿದ್ದರೆ ಎಲ್ಲ ಜಾರುತ್ತದೆ. ‘ಸೀ ಸಾಂಗ್’ ಜಾರುತ್ತದೆ, ಅವನು ತಡೆಯುವುದಿಲ್ಲ. ಕೊನೆಯಲ್ಲಿ ಮಾತು ಮುಗಿದು ದನಿ ಬರೀ ಅಕ್ಷರವಿಲ್ಲದ ಆಲಾಪವಾಗುತ್ತದೆ. ಮೊಂಗೆಝಿ ಫೆಝಾನ ಟ್ರಂಪೆಟ್ ಕೇಳು. ವರ್ಣಭೇದದ ದಕ್ಷಿಣ ಆಫ್ರಿಕ ಬಿಟ್ಟು ಬಂದವನು, ಅವನ ಊದುವಿಕೆಯಲ್ಲಿ ಗಾಬರಿಯೂ ಇದೆ, ಆಟವೂ ಇದೆ. ಕೊನೆಯ ಹಾಡಿನ ಗಿಟಾರ್ ನಿನ್ನ ಓಲ್ಡ್‌ಫೀಲ್ಡ್‌ನದು. ನಿರ್ಮಾಪಕ ಪಿಂಕ್ ಫ್ಲಾಯ್ಡ್‌ನ ನಿಕ್ ಮೇಸನ್, ಅವನೂ ಡ್ರಮ್ಮರ್. 1974ರ ಜುಲೈ 26ಕ್ಕೆ ಆಲ್ಬಮ್ ಬಿಡುಗಡೆ, ಅದೇ ದಿನ ಆಲ್ಫ್ರೆಡಾ ಜೊತೆ ಮದುವೆ.

– ಆಮೇಲೆ ಟಿವಿಯ ಪ್ರಸಂಗ.

– ಹೌದು. ಅದೇ ವರ್ಷ ‘ಐ ಆಮ್ ಎ ಬಿಲೀವರ್’ ಹಾಡಲು ಬಿಬಿಸಿಯ ‘ಟಾಪ್ ಆಫ್ ದಿ ಪಾಪ್ಸ್’ಗೆ ಹೋದಾಗ ಗಾಲಿಕುರ್ಚಿ ಕಾಣುವುದು ಬೇಡ, ಮನೆಮಂದಿಯೆಲ್ಲ ನೋಡುವ ಕಾರ್ಯಕ್ರಮ ಅಂತ ನಿರ್ಮಾಪಕರ ತಕರಾರು. ವಯಟ್ ಜಗ್ಗಲಿಲ್ಲ. ಗಾಲಿಕುರ್ಚಿಯಲ್ಲೇ ಕೂತು ಹಾಡಿದ.

– ಅದಕ್ಕೆ ನನ್ನ ತಕರಾರಿಲ್ಲ. ‘ರಾಕ್ ಬಾಟಮ್’ಗೂ ಇಲ್ಲ. ಒಂದೇ ಮಾತು: ಅದನ್ನು ಮತ್ತೆ ಮತ್ತೆ ಕೇಳಲಾಗುವುದಿಲ್ಲ. ಮಂಗಳವಾರ ಬೆಳಿಗ್ಗೆ ತಿಂಡಿ ಮಾಡುವಾಗ ಹಾಕುವ ಸಂಗೀತವಲ್ಲ.

– ನಾನು ಹಾಕುತ್ತೇನೆ.

– ನಿನ್ನ ಮನೆಯ ದೋಸೆ ಯಾಕೆ ಹಾಗಿರುತ್ತದೆ ಅಂತ ಈಗ ತಿಳಿಯಿತು. ಸ್ಟೀವನ್ ವಿಲ್ಸನ್ ಹೇಳಿಬಿಡು, ಇಲ್ಲದಿದ್ದರೆ ಹೊಸ ತಲೆಮಾರಿನವರು ನಮ್ಮನ್ನು ಮುದಿಗೂಬೆ ಅಂತಾರೆ.

– ಪೋರ್ಕ್ಯುಪೈನ್ ಟ್ರೀಯ ಯಜಮಾನ ಅವನೇ ಆಗಿದ್ದ, ಸೋಲೊ ಆದಾಗ ಬಿಡುವುದಕ್ಕೆ ಏನಿತ್ತು? 2013ರ ‘ದಿ ರೇವನ್’ಗೆ ಅಲನ್ ಪಾರ್ಸನ್ಸ್‌ನನ್ನೇ ಎಂಜಿನಿಯರ್ ಆಗಿ ಕರೆಸಿದ. ಕಿಂಗ್ ಕ್ರಿಮ್ಸನ್, ಜೆತ್ರೋ ಟಲ್, ಯೆಸ್‌ನ ಹಳೆಯ ಟೇಪುಗಳನ್ನೆಲ್ಲ ಬಿಚ್ಚಿ ಮರುಮಿಶ್ರಣ ಮಾಡಿದವನು. ಯಾವ ಸದ್ದು ಎಲ್ಲಿ ಕೂರಬೇಕು ಅಂತ ಅವನಷ್ಟು ಬಲ್ಲವರಿಲ್ಲ. ಅದೇ ತೊಡಕು. ಎಲ್ಲವೂ ಕೂರಬೇಕಾದಲ್ಲೇ ಕೂತಿದೆ.

– ‘ಹ್ಯಾಂಡ್ ಕ್ಯಾನಾಟ್ ಇರೇಸ್’?

– ಅದು ಬೇರೆ. ಲಂಡನ್ನಿನ ಫ್ಲ್ಯಾಟೊಂದರಲ್ಲಿ ಸತ್ತು ಎರಡು ವರ್ಷಕ್ಕೂ ಹೆಚ್ಚು ಕಾಲ ಯಾರ ಗಮನಕ್ಕೂ ಬಾರದೆ ಇದ್ದ ಹೆಂಗಸಿನ ಸುದ್ದಿಯಿಂದ ಹುಟ್ಟಿದ್ದು. ಅಲ್ಲಿ ಆ ಅಚ್ಚುಕಟ್ಟು ಸರಿಹೋಗುತ್ತದೆ. ಚೊಕ್ಕ ಮನೆ, ಒಳಗೆ ಯಾರೂ ಇಲ್ಲ.

– ಹ್ಞೂಂ. ಈಗ ನನ್ನ ಕೊನೆಯ ಬಾಣ. ಪೀಟರ್ ಹ್ಯಾಮಿಲ್.

– ಬಂದೆಯಾ.

– ಬಂದೆ. ವ್ಯಾನ್ ಡರ್ ಗ್ರಾಫ್ ಜನರೇಟರ್ 1972ರಲ್ಲಿ ಒಡೆಯಿತು. ಹ್ಯಾಮಿಲ್ ಸೋಲೊ ಆದ. ಸೋಲೊ ಆಲ್ಬಮ್‌ಗಳಲ್ಲಿ ನುಡಿಸಿದ್ದು ಯಾರು? ಅದೇ ಒಡೆದ ಬ್ಯಾಂಡಿನವರು. 1974ರ ‘ದಿ ಸೈಲೆಂಟ್ ಕಾರ್ನರ್’ನ ಕೊನೆಯ ಹಾಡು ಬ್ಯಾಂಡಿನದಲ್ಲ ಅಂತ ಯಾರಾದರೂ ಹೇಳಲಿ ನೋಡೋಣ. ಅದೇ ವರ್ಷ ‘ಇನ್ ಕ್ಯಾಮರಾ’, ಹೆಚ್ಚುಕಡಿಮೆ ಒಬ್ಬನೇ ಮಾಡಿದ್ದು, ಅದೂ ಅಷ್ಟೇ ಭಯಂಕರ. ಬ್ಯಾಂಡ್ ಇದ್ದಾಗಲೂ ಅವನು ಕಿರುಚಿದ, ಇಲ್ಲದಾಗಲೂ ಕಿರುಚಿದ. ಅವನಿಗೆ ಯಾರು ಬೇಡ ಅಂದರು? ನಿನ್ನ ಪ್ರಕಾರ ಅವನು ಉಬ್ಬಿ ಒಡೆಯಬೇಕಿತ್ತು.

– ಕೆಲವು ಕಡೆ ಒಡೆದಿದ್ದಾನೆ.

– ಎಲ್ಲಿ?

– ಅದನ್ನೇ ಹೇಳಲು ಬರುವುದಿಲ್ಲ. ಹೋದ ವರ್ಷ ಕೇಳಿ ಇದು ಕೆಟ್ಟಿದೆ ಅಂದುಕೊಂಡದ್ದು ಈಗ ಚೆನ್ನಾಗಿದೆ ಅನಿಸುತ್ತದೆ. ಆಗ ಮೆಚ್ಚಿದ್ದು ಈಗ ಸಹಿಸಲಾಗುವುದಿಲ್ಲ. ಸ್ವಂತ ಲೇಬಲ್ ಬೇರೆ ಮಾಡಿಕೊಂಡ, ಆಮೇಲಂತೂ ಕೇಳುವವರೇ ಇಲ್ಲ, ಆಲ್ಬಮ್ ಮೇಲೆ ಆಲ್ಬಮ್.

– 1975ರಲ್ಲಿ ‘ನೇಡರ್ಸ್ ಬಿಗ್ ಚಾನ್ಸ್’ ಮಾಡಿದ. ಪಂಕ್ ಅನ್ನುವುದು ಇನ್ನೂ ಬಂದೇ ಇರಲಿಲ್ಲ. ಇವನು ರಿಕಿ ನೇಡರ್ ಅಂತ ಹದಿಹರೆಯದ ಪುಂಡನ ವೇಷ ಹಾಕಿ ಮೂರೇ ಕಾರ್ಡ್ ಹಿಡಿದು ಬಾರಿಸಿದ. ಎರಡು ವರ್ಷದ ಮೇಲೆ ಸೆಕ್ಸ್ ಪಿಸ್ಟಲ್ಸ್‌ನ ಜಾನ್ ಲೈಡನ್ ಲಂಡನ್ನಿನ ಕ್ಯಾಪಿಟಲ್ ರೇಡಿಯೊದಲ್ಲಿ ತನ್ನಿಷ್ಟದ ಹಾಡು ಹಾಕಲು ಕೂತಾಗ ಹಾಕಿದವುಗಳಲ್ಲಿ ಇದೂ ಇತ್ತು. ಪ್ರಾಗ್‌ನವರನ್ನು ಗುಂಡಿಟ್ಟು ಕೊಲ್ಲಬೇಕು ಅನ್ನುವ ಕಾಲದಲ್ಲಿ.

– ವೇಷ ಹಾಕಿದ ಅಂದೆಯಲ್ಲ, ಅದೂ ಒಂದು ಕಟ್ಟುಪಾಡೇ ತಾನೆ?

– ಬಿಡು, ಬಿಡು! ಈಗ ಗಾಳಿಯನ್ನೂ ಕಟ್ಟಿಹಾಕುತ್ತೀಯ. ಹ್ಯಾಮಿಲ್ ನಿನ್ನ ಲೆಕ್ಕಕ್ಕೆ ಸಿಗುವುದಿಲ್ಲ ಅಂತ ಹೇಳು, ಸಾಕು.

– ಸಿಗುವುದಿಲ್ಲ. ಆದರೂ ಬಿಡಲಾಗುವುದಿಲ್ಲ.

– ಹೊಸಬರಿಗೆ ಅವನನ್ನು ಎಲ್ಲಿಂದ ಶುರುಮಾಡಿಸುತ್ತೀ?

– ‘ಓವರ್’. 1977.

– ಹುಚ್ಚಾ ನಿನಗೆ? ಜೊತೆಗಿದ್ದವಳು ಬಿಟ್ಟುಹೋದ ದುಃಖವನ್ನು ಇಡೀ ಆಲ್ಬಮ್ ಬಿಚ್ಚಿ ಹರಡಿದ್ದಾನೆ ಅದರಲ್ಲಿ. ಮೂರನೇ ಹಾಡಿಗೆ ಎದ್ದು ಓಡುತ್ತಾರೆ.

– ಓಡಲಿ. ಕೂತವರಿಗೆ ‘ಇನ್ ಕ್ಯಾಮರಾ’ ಕೊಡೋಣ.